ಆಟಕ್ಕೂ ಕಲೆಗೂ ಒಂದೇ ಯಂತ್ರ

ಕಂಪ್ಯೂಟರು ಕೊಳ್ಳುವ ಮಾತು ಮನೆಯಲ್ಲಿ ಪ್ರಸ್ತಾಪಕ್ಕೆ ಬಂದಾಗ, ಅದು ಆಟಕ್ಕೆಂದು ಮಕ್ಕಳು ಬಾಯಿಬಿಟ್ಟು ಹೇಳುವುದು ಅಪರೂಪ. ವಿಡಿಯೋ ಎಡಿಟಿಂಗು, ಅನಿಮೇಷನ್ನು, ಡಿಸೈನು ಎಂಬ ಗೌರವದ ಕಾರಣಗಳೇ ಮೊದಲು ಹೊರಡುತ್ತವೆ, ಆಟದ ಸಂಗತಿಯಾದರೋ ಬೆಲೆಪಟ್ಟಿಯಲ್ಲಿ ಗ್ರಾಫಿಕ್ಸ್ ಕಾರ್ಡಿನ ಎದುರಿಗಿರುವ ಅಂಕಿಯನ್ನು ಕಂಡು ತಂದೆಯಾದವನು ಕನ್ನಡಕವನ್ನು ಸರಿಪಡಿಸಿಕೊಂಡ ಮೇಲಷ್ಟೇ ಬೆಳಕಿಗೆ ಬರುತ್ತದೆ. ಇದರಲ್ಲಿ ಕಪಟವಿದೆಯೆಂದು ಭಾವಿಸಬೇಕಾದುದಿಲ್ಲ. ಇಂದಿನ ಭಾರಿ ಆಟಗಳೂ, ಚಿತ್ರವನ್ನೋ ಚಲನಚಿತ್ರವನ್ನೋ ನಿರ್ಮಿಸುವ ಕಾರ್ಯವೂ ಯಂತ್ರದ ದೃಷ್ಟಿಯಿಂದ ಒಂದೇ ವಂಶದವು. ಎರಡರಲ್ಲೂ ಆಗತಕ್ಕದ್ದು, ಗಣಿತದಿಂದ ಬಿಂಬವನ್ನು ಹುಟ್ಟಿಸುವ ಕೆಲಸವೇ. ಆದರೆ ಒಂದು ವಂಶದಲ್ಲಿ ಹುಟ್ಟಿದ ಮಾತ್ರಕ್ಕೆ ಸ್ವಭಾವವೂ ಒಂದೇ ಆಗಬೇಕೆಂಬ ನಿಯಮವುಂಟೆ? ಆಟವು ವಿಳಂಬವನ್ನು ಸಹಿಸದು. ಕಲಾಕಾರ್ಯವು ಇಕ್ಕಟ್ಟನ್ನು ಸಹಿಸದು. ಈ ಭೇದವನ್ನು ಗ್ರಹಿಸದೆ ಅಂಗಡಿಯ ಮೆಟ್ಟಿಲು ಹತ್ತಿದವನು ಹೆಚ್ಚಿನ ಹಣವನ್ನು ತೆತ್ತೂ ಎರಡಕ್ಕೂ ಒಗ್ಗದ ಯಂತ್ರವೊಂದನ್ನು ಮನೆಗೆ ತರುವ ಸಂಭವವೇ ಅಧಿಕ.

ಮೊದಲು ಆಟದ ಲೆಕ್ಕವನ್ನು ನೋಡೋಣ. ಪರದೆಯ ಮೇಲಣ ಚಲನೆ ಸರಾಗವಾಗಿ ಕಾಣಬೇಕಾದರೆ ಸೆಕೆಂಡಿಗೆ 60 ಫ್ರೇಮುಗಳಾದರೂ ಮೂಡಬೇಕೆಂಬುದು ಆಟಗಾರರಲ್ಲಿ ರೂಢಿಯಾಗಿರುವ ಅಳತೆ; ಎಂದರೆ ಒಂದೊಂದು ಫ್ರೇಮಿಗೂ ದೊರೆಯುವ ಅವಧಿ ಸುಮಾರು 16.7 ಮಿಲಿಸೆಕೆಂಡು. ಸೆಕೆಂಡಿಗೆ 144 ಸಲ ಚಿತ್ರ ಬದಲಾಯಿಸುವ ಮಾನಿಟರನ್ನು ತೃಪ್ತಿಪಡಿಸಬೇಕೆಂದರೆ ಆ ಅವಧಿ 7 ಮಿಲಿಸೆಕೆಂಡಿಗೂ ಕಡಿಮೆಯಾಗುತ್ತದೆ. ಇಷ್ಟು ಅಲ್ಪಕಾಲದೊಳಗೆ ಪ್ರೊಸೆಸರು ಆಟಗಾರನ ಬೆರಳು ಯಾವ ಕೀಲಿಯನ್ನು ಒತ್ತಿತೆಂಬುದನ್ನು ತಿಳಿದು, ಎದುರಾಳಿ ಎತ್ತ ತಿರುಗಬೇಕು, ಉರುಳಿದ ಬಂಡೆ ಎಲ್ಲಿಗೆ ಬಂದು ನಿಲ್ಲಬೇಕು ಎಂಬುದನ್ನು ನಿರ್ಣಯಿಸಿ, ಬಿಡಿಸಬೇಕಾದುದರ ಪಟ್ಟಿಯನ್ನು ಗ್ರಾಫಿಕ್ಸ್ ಕಾರ್ಡಿಗೆ ಒಪ್ಪಿಸಬೇಕು; ಕಾರ್ಡಾದರೋ ಆ ಪಟ್ಟಿಯಂತೆ ಬೆಳಕು ನೆರಳುಗಳನ್ನು ಗಣಿಸಿ, ಪರದೆಯ ಪ್ರತಿಯೊಂದು ಪಿಕ್ಸೆಲಿಗೂ ಬಣ್ಣವನ್ನು ನಿಶ್ಚಯಿಸಬೇಕು. ಸಾಮಾನ್ಯವಾದ 1920×1080ರ ಪರದೆಯಲ್ಲಿ ಪಿಕ್ಸೆಲುಗಳ ಸಂಖ್ಯೆ 20,73,600. 4ಕೆ ಎನ್ನಿಸಿಕೊಳ್ಳುವ ಪರದೆಯಲ್ಲಿ ಅದರ ನಾಲ್ಮಡಿ, 82,94,400. ಆದುದರಿಂದ ಯಾವ ಮಾನಿಟರಿನ ಮುಂದೆ ಕೂರಬೇಕೆಂಬುದನ್ನು ಮೊದಲು ನಿಶ್ಚಯಿಸಿ ಅನಂತರ ಕಾರ್ಡನ್ನು ಹುಡುಕುವುದೇ ಸರಿಯಾದ ಕ್ರಮ. ನಮ್ಮಲ್ಲಿ ಬಹುಮಂದಿ ಈ ಕ್ರಮವನ್ನು ತಿರುವುಮುರುವು ಮಾಡಿ, ಕೈಯಲ್ಲಿದ್ದುದನ್ನೆಲ್ಲ ಕಾರ್ಡಿಗೆ ಸುರಿದು, ಅದು ಬಿಡಿಸಿದ ಸೊಬಗನ್ನೆಲ್ಲ ಹಳೆಯದೊಂದು ಮಂಕು ಮಾನಿಟರಿನಲ್ಲಿ ನೋಡುತ್ತ ಕೂರುತ್ತಾರೆ.

ಸೆಕೆಂಡಿಗೆ ಸರಾಸರಿ ಇಷ್ಟು ಫ್ರೇಮುಗಳೆಂಬುದು ಜಾಹೀರಾತಿಗೆ ಒಪ್ಪುವ ಅಂಕಿ. ಆಡುವವನ ಕಣ್ಣಿಗೆ ಚುಚ್ಚುವುದು ನಡುನಡುವೆ ತಡವರಿಸಿ ಬರುವ ಫ್ರೇಮುಗಳು. ಬೇಕಾದ ಮಾಹಿತಿ ಪ್ರೊಸೆಸರಿನ ಸಮೀಪದಲ್ಲಿರದೆ ದೂರದ ರ‍್ಯಾಮಿನಿಂದ ಬರುವ ತನಕ ಅದು ಕೈಕಟ್ಟಿ ನಿಲ್ಲಬೇಕಾಗುವುದು ಇದಕ್ಕೊಂದು ಮುಖ್ಯ ಕಾರಣ. ಈ ದೋಷವನ್ನು ಕಳೆಯುವುದಕ್ಕಾಗಿ ಎಎಮ್‌ಡಿ ಸಂಸ್ಥೆಯವರು 2022ರಲ್ಲಿ ರೈಜೆನ್ 7 5800ಎಕ್ಸ್3ಡಿ ಎಂಬ ಪ್ರೊಸೆಸರಿನಲ್ಲಿ ಕ್ಯಾಶ್ ಎಂಬ ಸಮೀಪಸ್ಮೃತಿಯನ್ನು ಮಹಡಿಯ ಮೇಲೆ ಮಹಡಿಯಾಗಿ ಪೇರಿಸಿ 96 ಎಂಬಿಗೆ ಏರಿಸಿದರು. ಅದರ ಪರಿಣಾಮ ವಿಚಾರಾರ್ಹವಾದುದು. ಅನೇಕ ಆಟಗಳಲ್ಲಿ ಅದು ತನಗಿಂತ ಹೆಚ್ಚು ಕೋರುಗಳುಳ್ಳ ಪ್ರೊಸೆಸರುಗಳನ್ನೂ ಹಿಂದಿಕ್ಕಿತು. ಆದರೆ ರೆಂಡರ್ ಮಾಡುವ, ಎಂದರೆ ದೃಶ್ಯವನ್ನು ಗಣಿಸಿ ಅಂತಿಮ ಬಿಂಬವನ್ನು ತೆಗೆಯುವ ಕೆಲಸದಲ್ಲಿ, ಕ್ಲಾಕ್ ಎಂಬ ಬಡಿತದ ವೇಗ ಸ್ವಲ್ಪ ತಗ್ಗಿದ್ದ ಕಾರಣ, ತನ್ನದೇ ಮನೆಯ ಅಗ್ಗದ 5800ಎಕ್ಸ್‌ಗಿಂತಲೂ ತುಸು ಹಿಂದುಳಿಯಿತು. ಒಂದೇ ಕುಟುಂಬದ ಎರಡು ಪ್ರೊಸೆಸರುಗಳಲ್ಲಿ ಒಂದು ಆಟಕ್ಕೆ ಮೇಲು, ಮತ್ತೊಂದು ಕೆಲಸಕ್ಕೆ ಮೇಲು: ಆಟ ಮತ್ತು ಕಲೆ ಬೇಡುವ ಗುಣಗಳು ಬೇರೆಬೇರೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. 2025ರಲ್ಲಿ ಬಂದ 16 ಕೋರುಗಳ 9950ಎಕ್ಸ್3ಡಿ ಈ ಎರಡು ಗುಣಗಳನ್ನೂ ಕೂಡಿಸುವ ಪ್ರಯತ್ನ. ಪ್ರಯತ್ನ ಬಹುಮಟ್ಟಿಗೆ ಸಫಲವಾಗಿದೆ, ಆದರೆ ಅದರ ಬೆಲೆ ವಿದ್ಯಾರ್ಥಿಗೆ ಎಟುಕತಕ್ಕದ್ದಲ್ಲ.

ಇನ್ನು ಕಲಾಕಾರ್ಯದ ಲೆಕ್ಕ. 1995ರಲ್ಲಿ ತೆರೆಕಂಡ ‘ಟಾಯ್ ಸ್ಟೋರಿ’, ಸಂಪೂರ್ಣವಾಗಿ ಕಂಪ್ಯೂಟರಿನಲ್ಲೇ ನಿರ್ಮಿತವಾದ ಮೊದಲ ಪೂರ್ಣಪ್ರಮಾಣದ ಚಿತ್ರ; ಅದರ ಒಂದೊಂದು ಫ್ರೇಮನ್ನು ರಚಿಸುವುದಕ್ಕೆ ಯಂತ್ರಗಳು ಗಂಟೆಗಟ್ಟಲೆ ದುಡಿಯಬೇಕಾಗಿತ್ತು. ಅಲ್ಲಿ ಆತುರವಿಲ್ಲ, ರಾತ್ರಿ ಕೆಲಸಕ್ಕೆ ಹಚ್ಚಿ ಮಲಗಿದರೆ ಬೆಳಗ್ಗೆ ಫಲ ಸಿದ್ಧವಾಗಿದ್ದರೆ ಸಾಕು. ಆದರೆ ದೃಶ್ಯದಲ್ಲಿರುವ ಮರ, ಮನೆ, ಮುಖ, ಕೂದಲು, ಅವುಗಳ ಮೇಲೆ ಹೊದೆಸಿದ ಬಣ್ಣದ ಹಚ್ಚಡಗಳು, ಎಲ್ಲವೂ ಏಕಕಾಲದಲ್ಲಿ ಗ್ರಾಫಿಕ್ಸ್ ಕಾರ್ಡಿನ ಸ್ವಂತ ಸ್ಮೃತಿಯಲ್ಲಿ ನೆಲಸಿರಬೇಕು. ವಿರ‍್ಯಾಮ್ ಎಂದು ಕರೆಯಿಸಿಕೊಳ್ಳುವ ಈ ಸ್ಮೃತಿ ಸಾಲದೆ ಬಂದಾಗ ಆಟವಾದರೆ ಚಿತ್ರದ ಗುಣವನ್ನು ಒಂದು ಮೆಟ್ಟಿಲು ಇಳಿಸಿಕೊಂಡು ಹೇಗೋ ಮುಂದುವರಿಯಬಹುದು. ರೆಂಡರಿನ ಕೆಲಸವಾದರೋ ಮಂದಗತಿಗೆ ಇಳಿಯುತ್ತದೆ, ಇಲ್ಲವೆ ಸ್ಮೃತಿ ಮುಗಿಯಿತೆಂಬ ಒಂದು ಸಾಲನ್ನು ತೋರಿಸಿ ನಿಂತೇಬಿಡುತ್ತದೆ. ಡಾವಿಂಚಿ ರಿಸಾಲ್ವ್‌ನಲ್ಲಿ 4ಕೆ ಚಿತ್ರಕ್ಕೆ ಬಣ್ಣ ತಿದ್ದಿ, ಮೇಲೆ ಒಂದೆರಡು ಎಫೆಕ್ಟುಗಳನ್ನು ಹೇರಿದವರಿಗೆ ಈ ಸಾಲಿನ ಪರಿಚಯ ಮಾಡಿಕೊಡಬೇಕಾದುದಿಲ್ಲ.

ಕಾರ್ಡುಗಳ ಮಾರಾಟದಲ್ಲಿ ಮರೆಯಾಗುವ ಸಂಗತಿಯೇ ಇದು. ಎನ್‌ವಿಡಿಯಾ ಸಂಸ್ಥೆಯವರು 2021ರಲ್ಲಿ ಹೊರತಂದ ಆರ್‌ಟಿಎಕ್ಸ್ 3060ಕ್ಕೆ 12 ಜಿಬಿ ಸ್ಮೃತಿಯಿತ್ತು. 2023ರಲ್ಲಿ ಅದರ ಉತ್ತರಾಧಿಕಾರಿಯಾಗಿ ಬಂದ 4060ಕ್ಕೆ ಇದ್ದುದು 8 ಜಿಬಿ. ಆಟದಲ್ಲಿ ಹೊಸದೇ ಚುರುಕು, ವಿದ್ಯುತ್ತಿನ ವೆಚ್ಚವೂ ಕಡಿಮೆ. ಆದರೆ ಬ್ಲೆಂಡರ್ ಎಂಬ ಮೂರು ಆಯಾಮದ ತಂತ್ರಾಂಶದಲ್ಲಿ ತುಂಬು ದೃಶ್ಯವೊಂದನ್ನು ತೆರೆದಾಗ ಹಳೆಯದು ಹೊತ್ತ ಭಾರವನ್ನು ಹೊಸದು ಹೊರಲಾರದ ಪ್ರಸಂಗ ಒದಗಬಹುದು. 4060 ಟಿಐ, 5060 ಟಿಐ ಎಂಬ ಕಾರ್ಡುಗಳಲ್ಲಂತೂ ಒಂದೇ ಹೆಸರಿನಲ್ಲಿ 8 ಜಿಬಿಯ ಪ್ರತಿಯೂ 16 ಜಿಬಿಯ ಪ್ರತಿಯೂ ಮಾರಾಟವಾಗುತ್ತಿವೆ; ಹೆಸರನ್ನಷ್ಟೇ ಓದಿ ಹಣ ಎಣಿಸಿದವನ ಗತಿ ಏನು? ಎರಡೂ ಕಾರ್ಯಗಳನ್ನು ಒಂದೇ ಯಂತ್ರದಿಂದ ಸಾಧಿಸಬೇಕೆನ್ನುವವರು 12 ಜಿಬಿಗೆ ಕಡಿಮೆಯಿಲ್ಲದ, ಸಾಧ್ಯವಾದರೆ 16 ಜಿಬಿಯ ಕಾರ್ಡನ್ನು ನೋಡತಕ್ಕದ್ದೆಂದು ನನ್ನ ಅಭಿಪ್ರಾಯ. ವೇಗದಲ್ಲಿ ಒಂದು ಮೆಟ್ಟಿಲು ಕೆಳಗಿದ್ದರೂ ಸ್ಮೃತಿಯಲ್ಲಿ ಮೇಲಿರುವ ಕಾರ್ಡು ಹೆಚ್ಚು ವರ್ಷ ಬಾಳುತ್ತದೆ. ಏಕೆಂದರೆ ಆಟಗಳ ಹಸಿವೂ ಅದೇ ದಿಕ್ಕಿನಲ್ಲಿ ಬೆಳೆಯುತ್ತಿದೆ. 2024ರ ಕೊನೆಯಲ್ಲಿ ಬಂದ ‘ಇಂಡಿಯಾನಾ ಜೋನ್ಸ್’ ಆಟ, ಬೆಳಕಿನ ಕಿರಣಗಳ ಪಥವನ್ನು ಗಣಿಸುವ ರೇ ಟ್ರೇಸಿಂಗಿಗೆ ಪ್ರತ್ಯೇಕ ಅಂಗವಿಲ್ಲದ ಕಾರ್ಡುಗಳಲ್ಲಿ ಆರಂಭವಾಗುವುದೇ ಇಲ್ಲ. 8 ಜಿಬಿ ಎಂಬುದು ಅದಕ್ಕೆ ಕನಿಷ್ಠ ಮಿತಿ.

ಯಾವ ಸಂಸ್ಥೆಯ ಕಾರ್ಡು ಎಂಬ ಪ್ರಶ್ನೆಗೆ ಆಟಗಾರನು ಕೊಡುವ ಉತ್ತರ ಒಂದು, ಕಲಾವಿದನು ಕೊಡುವ ಉತ್ತರ ಮತ್ತೊಂದು. ಕೇವಲ ಆಟಕ್ಕಾದರೆ ಕೊಟ್ಟ ಹಣಕ್ಕೆ ಹೆಚ್ಚು ಫಲವನ್ನು ಎಎಮ್‌ಡಿಯ ರೇಡಿಯಾನ್ ಕಾರ್ಡುಗಳು ಅನೇಕ ವೇಳೆ ಕೊಡುತ್ತವೆ. 16 ಜಿಬಿಯ ಆರ್‌ಎಕ್ಸ್ 9070 ಎಕ್ಸ್‌ಟಿ ಇದಕ್ಕೆ ಉದಾಹರಣೆ. ಆದರೆ ಎನ್‌ವಿಡಿಯಾದವರು 2007ರಲ್ಲಿ ಕೂಡಾ ಎಂಬ ಗಣನವ್ಯವಸ್ಥೆಯನ್ನು ಬಿಡುಗಡೆ ಮಾಡಿದ ಲಾಗಾಯ್ತು ರೆಂಡರಿನ ತಂತ್ರಾಂಶಗಳು ಅದನ್ನೇ ನಂಬಿ ಬೆಳೆದಿವೆ. ಬ್ಲೆಂಡರಿನಲ್ಲಿ ಇತರ ಕಾರ್ಡುಗಳಿಗೆ ಅವಕಾಶವಿದ್ದರೂ ವೇಗದಲ್ಲಿ ಎನ್‌ವಿಡಿಯಾದ ಕೈ ಮೇಲಾಗಿಯೇ ಉಳಿದಿದೆ. ಒಬ್ಬನೇ ವರ್ತಕನ ಅಂಗಳದಲ್ಲಿ ಎಲ್ಲರೂ ನಿಲ್ಲಬೇಕಾದುದು ಹಿತವಾದ ಸಂಗತಿಯಲ್ಲ. ಆದರೂ ಮೂರು ಆಯಾಮದ ಕೆಲಸವೇ ಪ್ರಧಾನವೆನ್ನುವವರಿಗೆ ಬೇರೆ ಸಲಹೆ ಕೊಡುವುದು ಪ್ರಾಮಾಣಿಕವಾಗಲಾರದು.

ಆಟಕ್ಕೆ ಕ್ಷಣ, ಕಲೆಗೆ ರಾತ್ರಿ ಎಂಬ ಈ ವಿಭಾಗವಾದರೂ ಶಾಶ್ವತವಾದುದಲ್ಲ. ಅದು ನಮ್ಮ ಕಣ್ಣೆದುರಿಗೇ ಕರಗುತ್ತಿದೆ. ಲಾಟ್ವಿಯಾ ದೇಶದ ಗಿಂಟ್ಸ್ ಜಿಲ್ಬಾಲೋಡಿಸ್ ಎಂಬ ತರುಣ ನಿರ್ದೇಶಕನ ‘ಫ್ಲೋ’ ಎಂಬ ಚಿತ್ರ 2025ರ ಆಸ್ಕರ್ ಸಮಾರಂಭದಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರವೆಂಬ ಪ್ರಶಸ್ತಿಯನ್ನು ಪಡೆಯಿತು. ಜಲಪ್ರಳಯದಲ್ಲಿ ಸಿಕ್ಕಿದ ಬೆಕ್ಕೊಂದರ ಕಥೆ, ಮಾತಿಲ್ಲ, ಮನುಷ್ಯರಿಲ್ಲ. ಅದನ್ನು ನಿರ್ಮಿಸಿದುದು ಯಾರು ಬೇಕಾದರೂ ಬಿಟ್ಟಿಯಾಗಿ ಪಡೆಯಬಹುದಾದ ಬ್ಲೆಂಡರ್ ತಂತ್ರಾಂಶದಲ್ಲಿ. ಅದರಲ್ಲಿಯೂ, ಆಟಗಳ ರೀತಿಯಲ್ಲಿ ಬಿಂಬವನ್ನು ಥಟ್ಟನೆ ಮೂಡಿಸುವ ಈವೀ ಎಂಬ ವಿಧಾನದಲ್ಲಿ. ದೊಡ್ಡ ಸ್ಟುಡಿಯೋಗಳಲ್ಲಿ ಸಾವಿರಾರು ಯಂತ್ರಗಳು ಸಾಲಾಗಿ ನಿಂತು ಮಾಡುವ ಅಂತಿಮ ರೆಂಡರಿನ ಕೆಲಸವನ್ನು ಈತ ತನ್ನ ಸ್ವಂತ ಕಂಪ್ಯೂಟರಿನಲ್ಲಿ ಮುಗಿಸಿದನು. ಫ್ರೇಮೊಂದಕ್ಕೆ ಹಿಡಿದುದು ಕೆಲವೇ ಸೆಕೆಂಡುಗಳು. ಇನ್ನೊಂದು ಕಡೆಯಿಂದ, ಆಟಗಳನ್ನು ಕಟ್ಟುವುದಕ್ಕೆಂದು ಹುಟ್ಟಿದ ಅನ್‌ರಿಯಲ್ ಎಂಜಿನು 2019ರ ‘ದಿ ಮ್ಯಾಂಡಲೋರಿಯನ್’ ಧಾರಾವಾಹಿಯಲ್ಲಿ ನಟರ ಹಿಂದೆ ನಿಂತ ಬೃಹತ್ ಪರದೆಗಳ ಮೇಲೆ ಮರುಭೂಮಿಯನ್ನೂ ಆಕಾಶವನ್ನೂ ಬಿಡಿಸಿತು. ಕರ್ನಾಟಕ ಸರ್ಕಾರವು 2012ರಷ್ಟು ಹಿಂದೆಯೇ ಅನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್ ಎಂಬ ನಾಲ್ಕನ್ನೂ ಕೂಡಿಸಿ ಒಂದೇ ನೀತಿಯನ್ನು ರೂಪಿಸಿತೆಂಬುದನ್ನು ಇಲ್ಲಿ ಸ್ಮರಿಸಬಹುದು. ದೇಶದ ರಾಜ್ಯಗಳಲ್ಲಿ ಅದೇ ಮೊದಲನೆಯದು. ಮಗನ ಆಟವನ್ನೂ ಅವನ ವಿದ್ಯೆಯನ್ನೂ ಬೇರ್ಪಡಿಸಲೆತ್ನಿಸುವ ತಂದೆತಾಯಿಗಳಿಗೆ ಸರ್ಕಾರಿ ಕಡತವೊಂದು ಪ್ರತ್ಯುತ್ತರವಾಗಿ ನಿಲ್ಲುವುದು ವಿರಳವಾದ ಯೋಗ.

ಕಲಾಕಾರ್ಯವೆಂಬುದನ್ನೇ ಇಡಿಯಾಗಿ ಒಂದೆಂದು ತಿಳಿಯುವುದೂ ಅಪಾಯಕರ. ಛಾಯಾಚಿತ್ರವನ್ನು ತಿದ್ದುವವನಿಗೆ ಭಾರಿ ಕಾರ್ಡು ಬೇಕಿಲ್ಲ; ವೇಗವಾದ ಪ್ರೊಸೆಸರೂ ಧಾರಾಳವಾದ ರ‍್ಯಾಮೂ ಇದ್ದರೆ ಫೋಟೋಶಾಪು ಸಂತುಷ್ಟ. ಸಂಗೀತವಂತೂ ಮೇಲೆ ಹೇಳಿದ ಭೇದಕ್ಕೇ ಒಂದು ಅಪವಾದ. ಕೀಬೋರ್ಡಿನ ಮೇಲೆ ಬೆರಳಿಟ್ಟ ಕ್ಷಣದಲ್ಲೇ ಸ್ವರ ಕೇಳಿಸಬೇಕು. ಸೆಕೆಂಡಿಗೆ 48,000 ಮಾದರಿಗಳ ವೇಗದಲ್ಲಿ 256 ಮಾದರಿಗಳನ್ನು ಒಂದು ಕಂತೆಯಾಗಿ ಕಳುಹಿಸುವ ಏರ್ಪಾಡಿನಲ್ಲಿ ಪ್ರೊಸೆಸರಿಗೆ ಸಿಕ್ಕುವ ಗಡುವು 5.3 ಮಿಲಿಸೆಕೆಂಡು ಮಾತ್ರ. ಗಡುವು ತಪ್ಪಿತೆಂದರೆ ತಂಬೂರಿಯ ನಾದದ ನಡುವೆ ಚಟಪಟ ಸದ್ದು. ಆಟದ ಗಡುವಿಗಿಂತಲೂ ನಿಷ್ಠುರವಾದ ಈ ಗಡುವಿನಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಏನೇನೂ ಕೆಲಸವಿಲ್ಲ. ಅದರ ಫ್ಯಾನು ಮೈಕಿನೊಳಗೆ ಹೊಕ್ಕು ಉಪದ್ರವ ಮಾಡದಿದ್ದರೆ ಅದೇ ಉಪಕಾರ.

ವಿಡಿಯೋದ ಕಥೆ ಮತ್ತೊಂದು ಬಗೆ. ನಮ್ಮ ಕಡೆ ಮದುವೆಯೊಂದನ್ನು ಮೂರು ನಾಲ್ಕು ಕ್ಯಾಮರಾಗಳಿಂದ ಚಿತ್ರೀಕರಿಸಿ ತಂದವರು ಎದುರಿಸುವ ಕಷ್ಟ ಬಿಂಬವನ್ನು ರಚಿಸುವುದರಲ್ಲಿಲ್ಲ, ಕ್ಯಾಮರಾ ಅತಿಯಾಗಿ ಮಡಿಸಿ ತುರುಕಿದ ಬಿಂಬವನ್ನು ಬಿಚ್ಚುವುದರಲ್ಲಿದೆ. ಎಚ್.265 ಎಂಬ ಸಂಕೋಚನ ಕ್ರಮದಲ್ಲಿ, 10 ಬಿಟ್ಟಿನ 4:2:2 ಮಾದರಿಯಲ್ಲಿ ಬಂದ ಚಿತ್ರವನ್ನು ಬಿಚ್ಚುವ ಪ್ರತ್ಯೇಕ ಅಂಗ ಇಂಟೆಲ್ ಪ್ರೊಸೆಸರುಗಳ ಒಳಗೇ ಕೆಲವು ವರ್ಷಗಳಿಂದ ಇದೆ. ಎನ್‌ವಿಡಿಯಾ ಕಾರ್ಡುಗಳಿಗೆ ಅದು ಒದಗಿದ್ದು 2025ರ 50ರ ಶ್ರೇಣಿಯಲ್ಲಿ. ಈ ಅಂಗವಿಲ್ಲದ ಯಂತ್ರದಲ್ಲಿ, ಅದೆಷ್ಟೇ ಬೆಲೆಯದಾಗಿರಲಿ, ಟೈಮ್‌ಲೈನು ಕುಂಟುತ್ತದೆ. ಅಂಥವರು ಹೊಸ ಯಂತ್ರಕ್ಕೆ ಧಾವಿಸುವ ಮೊದಲು ಪ್ರಾಕ್ಸಿ ಎಂಬ ಹಗುರ ಪ್ರತಿಗಳನ್ನು ಮಾಡಿಕೊಂಡು ಅವುಗಳ ಮೇಲೆ ಕತ್ತರಿಸುವ ಅಭ್ಯಾಸವನ್ನು ರೂಢಿಸಿಕೊಂಡರೆ ಸಾವಿರಾರು ರೂಪಾಯಿ ಉಳಿದೀತು.

ಪ್ರೊಸೆಸರಿನ ಕೋರುಗಳು ಹೆಚ್ಚಿದಷ್ಟೂ ವೇಗ ಹೆಚ್ಚುತ್ತದೆಂಬ ಭ್ರಮೆ ವ್ಯಾಪಕವಾಗಿದೆ. ಮದುವೆಮನೆಯಲ್ಲಿ ತರಕಾರಿ ಹೆಚ್ಚುವುದಕ್ಕೆ ಹತ್ತು ಜನ ಕುಳಿತರೆ ಕೆಲಸ ಬೇಗ ಮುಗಿದೀತು, ಆದರೆ ಒಲೆಯ ಮೇಲಣ ಒಂದು ಕೊಳಗ ಅನ್ನ ಹತ್ತು ಜನ ಸುತ್ತ ನಿಂತ ಮಾತ್ರಕ್ಕೆ ಬೇಗ ಬೇಯುವುದಿಲ್ಲ. ಜೀನ್ ಅಮ್ಡಾಲ್ ಎಂಬ ಅಮೆರಿಕದ ಎಂಜಿನಿಯರು 1967ರಲ್ಲಿ ಮಂಡಿಸಿದ ನಿಯಮದ ತಾತ್ಪರ್ಯವೂ ಇದೇ: ಒಂದು ಕಾರ್ಯದಲ್ಲಿ ನೂರಕ್ಕೆ ಐದು ಪಾಲು ಹಂಚಲಾಗದ ಕೆಲಸವಿದ್ದರೆ, ಎಷ್ಟು ಕೋರುಗಳನ್ನು ತಂದು ನಿಲ್ಲಿಸಿದರೂ ವೇಗ ಇಪ್ಪತ್ತು ಮಡಿಯನ್ನು ಮೀರಲಾರದು. ರೆಂಡರು ಹಂಚಿಕೊಳ್ಳಬಹುದಾದ ಕೆಲಸ; ಆಟದಲ್ಲಿ ಹಂಚಲಾಗದ ಭಾಗ ಬಹಳ. ಆದಕಾರಣ ಎಂಟು ಕೋರುಗಳ ಒಳ್ಳೆಯ ಪ್ರೊಸೆಸರು ಬಹುಮಂದಿಗೆ ಸಾಕು. ಕಾರ್ಡಿನಿಂದಲ್ಲದೆ ಪ್ರೊಸೆಸರಿನಿಂದಲೇ ರೆಂಡರ್ ಮಾಡಬೇಕಾದವರು ಅದಕ್ಕೂ ಮೇಲೆ ಹೋಗಲಿ.

ರ‍್ಯಾಮು 32 ಜಿಬಿ ಇರಲಿ; 16ರಲ್ಲಿ ಆಟ ನಡೆದೀತು, ಬ್ರೌಸರನ್ನೂ ಎಡಿಟಿಂಗನ್ನೂ ಜೊತೆಗೆ ತೆರೆದರೆ ನಡೆಯದು. 2025ರ ಉತ್ತರಾರ್ಧದಿಂದ, ಕೃತಕ ಬುದ್ಧಿಮತ್ತೆಯ ಕೇಂದ್ರಗಳು ಸ್ಮೃತಿಯ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿರುವುದರಿಂದ ಇದರ ಬೆಲೆ ವಿಪರೀತ ಏರಿದೆ. ಆದರೂ ಒಂದೇ ಕಡ್ಡಿಗೆ ತೃಪ್ತರಾಗದೆ ಎರಡು ಕಡ್ಡಿಗಳ ಜೋಡಿಯನ್ನೇ ಕೊಳ್ಳಬೇಕು, ಏಕೆಂದರೆ ಜೋಡಿಯಾಗಿದ್ದಾಗ ಮಾಹಿತಿ ಎರಡು ದಾರಿಗಳಲ್ಲಿ ಹರಿಯುತ್ತದೆ. ಮತ್ತೊಂದು ಮಾತು: ಪೆಟ್ಟಿಗೆಯ ಮೇಲೆ ಮುದ್ರಿಸಿದ ವೇಗದಲ್ಲಿ ರ‍್ಯಾಮು ತಾನಾಗಿ ಓಡುವುದಿಲ್ಲ, ಬಯಾಸಿನಲ್ಲಿ ಎಕ್ಸ್‌ಎಮ್‌ಪಿ ಅಥವಾ ಎಕ್ಸ್‌ಪೋ ಎಂಬುದನ್ನು ಚಾಲೂ ಮಾಡಬೇಕು. ಹಣ ಕೊಟ್ಟ ವೇಗವನ್ನು ವರ್ಷಗಟ್ಟಲೆ ಉಪಯೋಗಿಸದೆ ಇರುವ ಯಂತ್ರಗಳು ನಮ್ಮ ಮನೆಗಳಲ್ಲಿ ಕಡಿಮೆಯೇನಿಲ್ಲ. ಸಂಗ್ರಹಕ್ಕೆ ಎನ್‌ವಿಎಮ್‌ಇ ಎಸ್‌ಎಸ್‌ಡಿ. ಒಂದೊಂದು ಆಟವೇ 100 ಜಿಬಿಯನ್ನು ಮೀರುವ ಕಾಲವಾದ್ದರಿಂದ 1 ಟಿಬಿಗೆ ಕಡಿಮೆ ಬೇಡ. ಮುಗಿದ ಕೆಲಸಗಳನ್ನು ಇಡುವುದಕ್ಕೆ ಹಳೆಯ ಹಾರ್ಡ್ ಡಿಸ್ಕು ಇಂದಿಗೂ ಸಾಕು.

ಲ್ಯಾಪ್‌ಟಾಪೋ ಡೆಸ್ಕ್‌ಟಾಪೋ ಎಂಬ ವಿವಾದದಲ್ಲಿ ನಾನು ಡೆಸ್ಕ್‌ಟಾಪಿನ ಪಕ್ಷ, ಹಾಸ್ಟೆಲಿನಲ್ಲಿರುವವರನ್ನು ಬಿಟ್ಟು. ಕಾರಣ ನಾಮಸಾಮ್ಯದಿಂದಾಗುವ ಮೋಸ. ಡೆಸ್ಕ್‌ಟಾಪಿನ ಆರ್‌ಟಿಎಕ್ಸ್ 4070ಕ್ಕೆ 12 ಜಿಬಿ ಸ್ಮೃತಿಯಿದ್ದರೆ ಲ್ಯಾಪ್‌ಟಾಪಿನ 4070ಕ್ಕೆ ಇರುವುದು 8 ಜಿಬಿ; ಡೆಸ್ಕ್‌ಟಾಪಿನ 5090ಕ್ಕೆ 32, ಲ್ಯಾಪ್‌ಟಾಪಿನದಕ್ಕೆ 24. ಹೆಸರು ಮಾತ್ರ ಅದೇ. ಇದರ ಮೇಲೆ ವಿದ್ಯುತ್ತಿನ ವ್ಯತ್ಯಾಸ: ಲ್ಯಾಪ್‌ಟಾಪಿನ 4060 ಕಾರ್ಡಿಗೆ ತಯಾರಕರು 35 ವ್ಯಾಟಿನಿಂದ 115 ವ್ಯಾಟಿನವರೆಗೆ ತಮಗೆ ತೋಚಿದಷ್ಟು ಕೊಡಬಹುದು, ತೆಳ್ಳಗಿನ ಸುಂದರ ದೇಹದಲ್ಲಿ ಕುಳಿತ 4060, ದಪ್ಪನೆಯ ಕುರೂಪಿ ದೇಹದಲ್ಲಿ ಕುಳಿತ 4060ರ ಮುಂದೆ ಸೋಲುವುದು ಇದೇ ಕಾರಣದಿಂದ. ಆದುದರಿಂದ ಲ್ಯಾಪ್‌ಟಾಪನ್ನೇ ಕೊಳ್ಳಬೇಕಾದವರು ಕಾರ್ಡಿನ ಹೆಸರಿನ ಜೊತೆಗೆ ಅದಕ್ಕೆ ಎಷ್ಟು ವ್ಯಾಟೆಂಬುದನ್ನೂ ಕೇಳತಕ್ಕದ್ದು. ಅಂಗಡಿಯವನು ತಿಳಿಯದೆಂದರೆ ಬೇರೆ ಅಂಗಡಿಗೆ ನಡೆಯತಕ್ಕದ್ದು.

ಆಪಲ್‌ನ ಮ್ಯಾಕ್ ಯಂತ್ರಗಳನ್ನು ಬಿಟ್ಟು ಮಾತು ಮುಗಿಸಲಾಗದು. 2020ರಲ್ಲಿ ಎಮ್1 ಚಿಪ್ಪು ಬಂದಂದಿನಿಂದ ಅವುಗಳಲ್ಲಿ ಪ್ರೊಸೆಸರೂ ಗ್ರಾಫಿಕ್ಸೂ ಒಂದೇ ಸ್ಮೃತಿಯನ್ನು ಹಂಚಿಕೊಳ್ಳುತ್ತವೆ. ವಿಡಿಯೋ ಕೆಲಸದಲ್ಲಿ ಅವು ಸದ್ದಿಲ್ಲದೆ, ತಂಪಾಗಿ, ಬ್ಯಾಟರಿಯ ಮೇಲೂ ಕುಗ್ಗದ ವೇಗದಲ್ಲಿ ದುಡಿಯುವುದನ್ನು ಕಂಡವರು ಮೆಚ್ಚದಿರಲಾರರು. ಆದರೆ ಆಟ? 2020ರಲ್ಲೇ ವಿಂಡೋಸಿಗೆ ಬಂದ ‘ಸೈಬರ್‌ಪಂಕ್ 2077’ ಮ್ಯಾಕಿಗೆ ಕಾಲಿಟ್ಟುದು 2025ರಲ್ಲಿ; ನಮ್ಮ ಹುಡುಗರು ಹಗಲಿರುಳು ಆಡುವ ‘ವ್ಯಾಲೊರಂಟ್’ ಬರಲೇ ಇಲ್ಲ. ಕೊಂಡ ಮೇಲೆ ಸ್ಮೃತಿಯನ್ನು ಹೆಚ್ಚಿಸಿಕೊಳ್ಳುವಂತೆಯೂ ಇಲ್ಲ. ಕೆಲಸ ಮುಕ್ಕಾಲು, ಆಟ ಕಾಲು ಎನ್ನುವವರು ಮಾತ್ರ ಆ ಕಡೆ ನೋಡಬಹುದು.

ಪರದೆಯ ವಿಷಯದಲ್ಲಿ ಆಟಗಾರನು ವೇಗವನ್ನೂ ಕಲಾವಿದನು ವರ್ಣದ ಯಥಾರ್ಥತೆಯನ್ನೂ ಕೇಳುತ್ತಾನೆ. ಅದೃಷ್ಟವಶಾತ್ 144 ಅಥವಾ 165 ಹರ್ಟ್ಸಿನ ಐಪಿಎಸ್ ಮಾನಿಟರುಗಳಲ್ಲಿ ಈಗ ಎರಡೂ ತಕ್ಕಮಟ್ಟಿಗೆ ದೊರೆಯುತ್ತವೆ. ಎಸ್‌ಆರ್‌ಜಿಬಿ ವರ್ಣವ್ಯಾಪ್ತಿಯನ್ನು ಪೂರ್ಣವಾಗಿ ತೋರಿಸಬಲ್ಲದೆ ಎಂಬುದನ್ನು ವಿಚಾರಿಸಿ, 27 ಅಂಗುಲದ 2560×1440ರ ಪರದೆಯನ್ನು ಆರಿಸಿದರೆ ಮಧ್ಯಮಮಾರ್ಗವಾಗುತ್ತದೆ. ಓಎಲ್‌ಇಡಿ ಪರದೆಯ ಕಪ್ಪು ಮನೋಹರ. ಆದರೆ ಎಡಿಟಿಂಗ್ ತಂತ್ರಾಂಶದ ಅಲುಗದ ಪಟ್ಟಿಗಳು ದಿನವೂ ಎಂಟು ಗಂಟೆ ಒಂದೇ ಜಾಗದಲ್ಲಿ ನಿಂತರೆ ಅಲ್ಲಿ ಕಲೆ ಉಳಿಯುವ ಭಯವುಂಟು.

ಕಡೆಗೆ, ಯಂತ್ರದ ಭಾಗಗಳಿಗೆ ವಿದ್ಯುತ್ತನ್ನು ಒದಗಿಸುವ, ಎಲ್ಲರೂ ಅಲಕ್ಷಿಸುವ ಎಸ್‌ಎಮ್‌ಪಿಎಸ್. ಕಾರ್ಡುಗಳು ತಮ್ಮ ಘೋಷಿತ ವ್ಯಾಟಿಗಿಂತ ಹೆಚ್ಚನ್ನು ಕ್ಷಣಮಾತ್ರ ಸೆಳೆಯುವುದುಂಟು. 300 ವ್ಯಾಟಿನ ಕಾರ್ಡಿಗೆ ಹೆಸರಿಲ್ಲದ ಅಗ್ಗದ ಎಸ್‌ಎಮ್‌ಪಿಎಸ್ಸನ್ನು ಜೋಡಿಸುವುದೆಂದರೆ ಉಳಿದೆಲ್ಲ ಭಾಗಗಳನ್ನೂ ಒತ್ತೆಯಿಟ್ಟಂತೆ. ಮನೆಗಳಲ್ಲಿ ಸಾಮಾನ್ಯವಾಗಿರುವ 600 ವಿಎ ಯುಪಿಎಸ್ಸು ಕೊಡಬಲ್ಲದ್ದು ಸುಮಾರು 360 ವ್ಯಾಟು. ಆಟದ ನಡುವೆ ಕರೆಂಟು ಹೋದರೆ ಅದು ಯಂತ್ರವನ್ನು ಕಾಪಾಡದೆ ತಾನೂ ಕೈಚೆಲ್ಲುತ್ತದೆ. ಒಟ್ಟು 500 ವ್ಯಾಟು ಸೆಳೆಯುವ ಯಂತ್ರ ದಿನಕ್ಕೆ ನಾಲ್ಕು ಗಂಟೆ ನಡೆದರೆ ತಿಂಗಳಿಗೆ 60 ಯೂನಿಟ್ಟು. ಗೃಹಜ್ಯೋತಿ ಯೋಜನೆಯ ಉಚಿತ ವಿದ್ಯುತ್ತಿಗಿರುವ 200 ಯೂನಿಟ್ಟಿನ ಮಿತಿಯ ಅಂಚಿನಲ್ಲಿರುವ ಸಂಸಾರಗಳು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಮೇಲು. ರಾಯಚೂರು, ಕಲಬುರಗಿಗಳಂತೆ ಬೇಸಗೆಯಲ್ಲಿ 40 ಡಿಗ್ರಿ ದಾಟುವ ಊರುಗಳವರಿಗೆ ಇನ್ನೊಂದು ಎಚ್ಚರಿಕೆ: ಫ್ಯಾನಾಗಲಿ ನೀರಿನ ಕೂಲರಾಗಲಿ ಯಂತ್ರವನ್ನು ಕೋಣೆಯ ಉಷ್ಣಕ್ಕಿಂತ ತಂಪಾಗಿಸಲಾರದು, ಗಾಜಿನ ಮುಖದ ಅಲಂಕಾರದ ಕ್ಯಾಬಿನೆಟ್ಟಿಗಿಂತ ಜಾಲರಿಯ ಮುಖದ ಸಾದಾ ಕ್ಯಾಬಿನೆಟ್ಟೇ ಅಲ್ಲಿಗೆ ಯೋಗ್ಯ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಕೊಂಡು ಅಲ್ಲಿಯೇ ಅಸೆಂಬಲ್ ಮಾಡಿಸುವವರು ಬಿಲ್ಲಿನಲ್ಲಿ ಪ್ರತಿಯೊಂದು ಭಾಗದ ಸೀರಿಯಲ್ ನಂಬರನ್ನೂ ಬರೆಯಿಸಿಕೊಳ್ಳಬೇಕು; ವಾರಂಟಿ ಅಂಗಡಿಯದೋ ತಯಾರಕರದೋ ಎಂಬುದನ್ನು ಹಣ ಕೊಡುವ ಮೊದಲೇ ಕೇಳಬೇಕು. ಸೆಕೆಂಡ್ ಹ್ಯಾಂಡ್ ಕಾರ್ಡನ್ನು ಕೊಳ್ಳುವ ಸಾಹಸಕ್ಕೆ ಇಳಿದವರಾದರೆ, ಮಾರುವವನ ಮಾತನ್ನು ಕೇಳಿ ಎದ್ದು ಬರದೆ, ಅವನ ಎದುರಿನಲ್ಲಿಯೇ ಭಾರಿ ಆಟವೊಂದನ್ನು ಅರ್ಧ ಗಂಟೆ ಓಡಿಸಿ, ಪರದೆಯಲ್ಲಿ ಗೆರೆ ಚುಕ್ಕೆಗಳು ಮೂಡುವುದಿಲ್ಲವೆಂಬುದನ್ನು ಕಣ್ಣಾರೆ ಕಂಡು, ಫ್ಯಾನುಗಳೆಲ್ಲವೂ ತಿರುಗುತ್ತಿವೆಯೆ ಎಂಬುದನ್ನು ಬಗ್ಗಿ ನೋಡಿ, ಆಮೇಲೆ ಚೌಕಾಶಿಗೆ ತೊಡಗಲಿ.